ಲಿವರ್ ಕಾಯಿಲೆ ಇರುವವರು ಕಣ್ಣು ಕಾಣ್ತಿಲ್ಲ ಅಂದರೆ ಕಣ್ಣಿನ ಡ್ರಾಪ್ಸ್ ಹಾಕಿ ಕಾಯಬೇಡಿ

ಮನೆಯಲ್ಲಿ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗುವ ಕಾಯಿಲೆ, ಆದವರು ಯಾರಾದರೂ ಇದ್ದರೆ ಇದನ್ನು ಪೂರ್ತಿ ಓದಿ. ಅಂಥವರಿಗೆ ಇದ್ದಕ್ಕಿದ್ದ ಹಾಗೆ ಕಣ್ಣು ಮಂಜಾದರೆ, ಇಲ್ಲವೇ ಏನೂ ಕಾಣದೇ ಹೋದರೆ, ತೊಂದರೆ ಕಣ್ಣಲ್ಲೇ ಇರಬೇಕು ಅಂತ ಇಲ್ಲ. ಮಿದುಳಲ್ಲಿ ಇರಬಹುದು, ಅದಕ್ಕೆ ಮೂಲ ಲಿವರ್ ಆಗಿರಬಹುದು. ಅಪರೂಪ, ಒಪ್ಪುತ್ತೇನೆ. ಆದರೆ ನಮ್ಮ ಚಿಕ್ಕಪ್ಪನಿಗೆ ಆಯಿತು, ಅದನ್ನು ಗುರುತಿಸಬೇಕಾದವರು ಗುರುತಿಸಲಿಲ್ಲ.

ಚಿಕ್ಕಪ್ಪ ಶಿಡ್ಲಘಟ್ಟದ ಹತ್ತಿರ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವರು. ಹೆಂಡ ಮುಟ್ಟಿದವರಲ್ಲ. ಸಕ್ಕರೆ ಕಾಯಿಲೆ ಇತ್ತು, ಫ್ಯಾಟಿ ಲಿವರ್ ಅಂತ ಸ್ಕ್ಯಾನಿಂಗಲ್ಲಿ ಬಂದಿತ್ತು, ಅದೇ ಒಳಗೊಳಗೇ ಸಿರೋಸಿಸ್ ಆಗಿತ್ತು. ಲಿವರ್ ಅಂದ ಕೂಡಲೇ ಕುಡುಕ ಅಂತ ನೋಡುವ ಜನರಿದ್ದಾರಲ್ಲ, ಅವರಿಂದಲೇ ಎಷ್ಟೋ ಮಂದಿ ಈ ಕಾಯಿಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಹೊಟ್ಟೆಯ ನೀರು ಇಳಿಯಲು ಮಾತ್ರೆ ಕೊಟ್ಟಿದ್ದರು. ದಿನಾ ಕುಡಿಯಲು ಲ್ಯಾಕ್ಟುಲೋಸ್ ಸಿರಪ್ಪೂ ಇತ್ತು. ಆದರೆ ಆ ಸಿರಪ್ ಯಾಕೆ ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ. ಮಲಬದ್ಧತೆಗೆ ಇರಬೇಕು ಅಂತಲೇ ಚಿಕ್ಕಪ್ಪ ತಿಳಿದಿದ್ದರು. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಹುಳಕ್ಕೆ ಹೊತ್ತುಹೊತ್ತಿಗೂ ಸೊಪ್ಪು ಹಾಕಬೇಕು, ಆಗ ಪದೇ ಪದೇ ಬಯಲಿಗೆ ಓಡುತ್ತಾ ಕೂರುವುದಕ್ಕೆ ಆಗುತ್ತಾ? ಸಿರಪ್ ಬಿಟ್ಟರು. ಹೊಟ್ಟೆ ಕಟ್ಟಿತು.

ಆಮೇಲೆ ರಾತ್ರಿ ನಿದ್ದೆ ಹೋಯಿತು, ಹಗಲೆಲ್ಲಾ ತೂಕಡಿಕೆ. ಊರಿನ ಕ್ಲಿನಿಕ್‌ನವರು ನಿದ್ದೆ ಮಾತ್ರೆ ಬರೆದುಕೊಟ್ಟರು. ಲಿವರ್ ಫೈಲ್ ಮೇಜಿನ ಮೇಲೇ ಇತ್ತು, ತೆರೆದು ನೋಡಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ರಾತ್ರಿ ನಿದ್ದೆ ಇಲ್ಲದೆ ಹಗಲು ಮಲಗುವುದು, ಸುಮ್ನೆ ರೇಗುವುದು, ಮಾತು ತೊದಲುವುದು, ಇವೆಲ್ಲ ಲಿವರ್‌ನಿಂದ ಮಿದುಳು ಮಂಕಾಗುತ್ತಿರುವ ಸೂಚನೆ. ಅದಕ್ಕೆ ಹೆಪಾಟಿಕ್ ಎನ್ಸೆಫಲೋಪತಿ ಅಂತ ಹೆಸರು. ಆ ಹೊತ್ತಲ್ಲಿ ನಿದ್ದೆ ಮಾತ್ರೆ ಕೊಟ್ಟರೆ ಇನ್ನೂ ಕೆಡುತ್ತದೆ.

ಗೂಡು ಮಾರಿದ ಲೆಕ್ಕವನ್ನು ಚಿಕ್ಕಪ್ಪ ಒಂದು ಉದ್ದ ನೋಟ್‌ಬುಕ್ಕಲ್ಲಿ ಬರೆಯುತ್ತಾರೆ. ತೂಕ ಒಂದು ಸಾಲು, ರೇಟು ಒಂದು ಸಾಲು, ಅಚ್ಚುಕಟ್ಟು. ಆ ವಾರದ ಪುಟದಲ್ಲಿ ಅಂಕಿಗಳು ಗೆರೆ ಬಿಟ್ಟು ಮೇಲಕ್ಕೆ ಹತ್ತಿವೆ, ಒಂದರ ಮೇಲೊಂದು ಬಿದ್ದಿವೆ, ಕೊನೆಗೆ ಪೆನ್ನು ಪುಟ ದಾಟಿ ಹೋಗಿದೆ. ಚಿಕ್ಕಮ್ಮ ಅದನ್ನು ಕ್ಲಿನಿಕ್ಕಲ್ಲಿ ತೋರಿಸಿದರೆ ‘ವಯಸ್ಸಾಯ್ತಲ್ಲಮ್ಮ’ ಅಂದರಂತೆ.

ಮಾರನೆಯ ಬೆಳಗ್ಗೆ ಕಾಫಿ ಲೋಟ ಮುಂದಿಟ್ಟರೆ ಕೈ ಪಕ್ಕದಲ್ಲಿ ತಡಕಾಡುತ್ತಿತ್ತು. ಕೇಳಿದರೆ ಕಾಣುತ್ತೆ ಅನ್ನುತ್ತಾರೆ, ಮುಖದ ಮುಂದೆ ಬೆರಳು ಆಡಿಸಿದರೆ ರೆಪ್ಪೆ ಬಡಿಯುವುದಿಲ್ಲ. ನೆಂಟರೊಬ್ಬರು ತಲೆಗೆ ಹರಳೆಣ್ಣೆ ಒತ್ತಿ ಅಂದರು, ಇನ್ನೊಬ್ಬರು ಕಾಮಾಲೆ ಕಣ್ಣಿಗೆ ಇಳಿದಿದೆ, ಸೊಪ್ಪಿನ ರಸ ಬಿಡಿಸಿ ಅಂದರು. ಚಿಕ್ಕಮ್ಮ ಯಾವುದಕ್ಕೂ ಒಪ್ಪದೆ ಕಣ್ಣಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿ ಟಾರ್ಚ್ ಬಿಟ್ಟು ನೋಡಿದರು. ಪಾಪೆ ಸರಿಯಾಗಿ ಕುಗ್ಗಿತು, ಒಳಗಿನ ಪರದೆಯೂ ಚೆನ್ನಾಗಿದೆ. ಕಣ್ಣಿಗೆ ಏನೂ ಆಗಿಲ್ಲ, ಹಟ ಮಾಡುತ್ತಿದ್ದಾರೆ, ಈ ಡ್ರಾಪ್ಸ್ ಹಾಕಿ ಮುಂದಿನ ವಾರ ಬನ್ನಿ ಅಂತ ಕಳಿಸಿಬಿಟ್ಟರು. ಕಣ್ಣು ಚೆನ್ನಾಗಿದೆ ಅಂದದ್ದು ನಿಜವೇ. ಕಣ್ಣು ಚೆನ್ನಾಗಿದ್ದೂ ಮನುಷ್ಯನಿಗೆ ಕಾಣುತ್ತಿಲ್ಲ ಅಂದರೆ ಅದು ಇನ್ನೂ ದೊಡ್ಡ ವಿಷಯ ಅಲ್ವಾ? ಅದನ್ನು ಹೇಳಲಿಲ್ಲ.

ಇದು ಹೇಗಾಗುತ್ತೆ ಅಂತ ಆಮೇಲೆ ಬೆಂಗಳೂರಿನ ಡಾಕ್ಟರ್ ಕೂರಿಸಿಕೊಂಡು ವಿವರಿಸಿದರು. ಕರುಳಲ್ಲಿರುವ ಬ್ಯಾಕ್ಟೀರಿಯಗಳಿಂದ ಅಮೋನಿಯ ಹುಟ್ಟುತ್ತದೆ. ಒಳ್ಳೆಯ ಲಿವರ್ ಅದನ್ನು ಯೂರಿಯ ಮಾಡಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಗಟ್ಟಿಯಾದ ಲಿವರ್‌ಗೆ ಅಷ್ಟು ಶಕ್ತಿ ಇರುವುದಿಲ್ಲ, ಜೊತೆಗೆ ಕರುಳಿನ ರಕ್ತ ಲಿವರ್ ಒಳಗೆ ಹೋಗದೆ ಅಡ್ಡದಾರಿ ಹಿಡಿಯುತ್ತದೆ. ಹಾಗಾಗಿ ಅಮೋನಿಯ ಮಿದುಳಿಗೆ ಸೇರಿ ಅಲ್ಲಿನ ಜೀವಕೋಶಗಳು ಊದಿಕೊಳ್ಳುತ್ತವೆ. ನಾವು ನೋಡಿದ್ದನ್ನು ಗ್ರಹಿಸುವ ಜಾಗ ಇರುವುದು ಮಿದುಳಿನ ಹಿಂಭಾಗದಲ್ಲಿ. ಕೆಲವರಲ್ಲಿ ಆ ಜಾಗ ಕೆಲಸ ನಿಲ್ಲಿಸಿದರೆ ಕಣ್ಣು ನೆಟ್ಟಗಿದ್ದರೂ ಕತ್ತಲೆ. ಇದನ್ನು ಕಾರ್ಟಿಕಲ್ ಬ್ಲೈಂಡ್‌ನೆಸ್ ಅನ್ನುತ್ತಾರೆ. ಟಾರ್ಚ್ ಬೆಳಕಿಗೆ ಪಾಪೆ ಕುಗ್ಗಿಸುವ ನರದ ದಾರಿ ಆ ಹಿಂಭಾಗಕ್ಕೆ ಹೋಗುವುದೇ ಇಲ್ಲ, ಅದಕ್ಕೇ ಟಾರ್ಚ್ ಪರೀಕ್ಷೆಯಲ್ಲಿ ಎಲ್ಲಾ ಸರಿ ಅಂತ ಕಾಣುತ್ತದೆ. ಕಾಣದಿದ್ದರೂ ಕಾಣುತ್ತೆ ಅಂತ ಕೆಲವರು ಸಾಧಿಸುತ್ತಾರೆ. ಅದು ಸುಳ್ಳಲ್ಲ, ಕಾಯಿಲೆಯ ಭಾಗ.

ನಮ್ಮ ಪುಣ್ಯಕ್ಕೆ ಸಂಬಂಧಿಕರ ಹುಡುಗಿ ಒಬ್ಬಳು ನರ್ಸ್. ಮನೆಗೆ ಬಂದವಳೇ ಎರಡೂ ಕೈ ಮುಂದಕ್ಕೆ ಚಾಚಿಸಿ, ವಾಹನ ತಡೆಯುವ ಪೊಲೀಸರ ಹಾಗೆ ಅಂಗೈ ಮೇಲೆತ್ತಿ ಹಿಡಿಯಿರಿ ಅಂದಳು. ಮಣಿಕಟ್ಟು ನಿಲ್ಲಲಿಲ್ಲ. ಪಟಕ್ಕನೆ ಕೆಳಗೆ ಬೀಳುವುದು, ಮತ್ತೆ ಏಳುವುದು, ಮತ್ತೆ ಬೀಳುವುದು. ಲಿವರ್‌ನಿಂದ ಮಿದುಳು ಮಂಕಾದದ್ದಕ್ಕೆ ಅದೂ ಒಂದು ಗುರುತು. ನೋಡಿದ ತಕ್ಷಣ 108ಕ್ಕೆ ಫೋನ್ ಮಾಡಿಸಿದಳು.

ಬೆಂಗಳೂರಲ್ಲಿ ಮೊದಲು ಸಕ್ಕರೆ ಪರೀಕ್ಷೆ ಮಾಡಿದರು, ತಲೆ ಸ್ಕ್ಯಾನ್ ಮಾಡಿದರು. ಸಕ್ಕರೆ ಕುಸಿದರೂ, ಪಾರ್ಶ್ವವಾಯು ಹೊಡೆದರೂ, ಮಿದುಳಲ್ಲಿ ರಕ್ತ ಸೋರಿದರೂ ಹೀಗಾಗಬಹುದಂತೆ, ಅದನ್ನು ಮೊದಲು ತಳ್ಳಿಹಾಕಬೇಕು. ಪೊಟ್ಯಾಷಿಯಂ ತೀರಾ ಕಡಿಮೆ ಇತ್ತು, ನೀರಿಳಿಸುವ ಕೆಲವು ಮಾತ್ರೆಗಳಿಂದ ಹಾಗಾಗುತ್ತದೆ. ಅದನ್ನು ಸರಿಪಡಿಸಿ, ಕರುಳಿನ ಅಮೋನಿಯ ಮಲದ ಜೊತೆ ಹೊರಗೆ ಹೋಗಲಿ ಅಂತ ಲ್ಯಾಕ್ಟುಲೋಸ್ ಎನಿಮಾ ಕೊಟ್ಟು (ಮನೆಯಲ್ಲಿ ಆ ಸಿರಪ್ ಕೊಟ್ಟಿದ್ದೂ ಇದಕ್ಕೇ), ರಿಫಾಕ್ಸಿಮಿನ್ ಅನ್ನುವ ಆಂಟಿಬಯೋಟಿಕ್ ಶುರು ಮಾಡಿದರು. ಹೊಟ್ಟೆ ಖಾಲಿಯಾಗುತ್ತಾ ಬಂದ ಹಾಗೆ ಮೊದಲು ಕಿಟಕಿಯ ಬೆಳಕು ಗೊತ್ತಾಯಿತು, ಆಮೇಲೆ ಓಡಾಡುವವರ ನೆರಳು, ಆಮೇಲೆ ಚಿಕ್ಕಮ್ಮನ ಸೀರೆಯ ಬಣ್ಣ. ಮುಖ ಗುರುತು ಹಿಡಿಯುವುದು ಕೊನೆಗೆ ಬಂತು. ಬೇಗ ಚಿಕಿತ್ಸೆ ಸಿಕ್ಕರೆ ಬಹಳ ಸಲ ಈ ಕುರುಡು ವಾಪಸ್ ಹೋಗುತ್ತದೆ. ಎಲ್ಲರಿಗೂ ಹೋಗುತ್ತದೆ ಅಂತ ಹೇಳಲಾರೆ.

ಇನ್ನೊಂದು ವಿಷಯ. ಅಮೋನಿಯ ಅಂದ ಕೂಡಲೇ ಬೇಳೆ, ಕಾಳು, ಹಾಲು, ಎಲ್ಲಾ ನಿಲ್ಲಿಸಿ ಬರೀ ಗಂಜಿ ಕೊಡಿ ಅನ್ನುವವರು ನಮ್ಮಲ್ಲಿ ಜಾಸ್ತಿ. ಅದು ಹಳೆಯ ಪದ್ಧತಿ. ಈಗ ಹೇಳುವುದು ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೇ ಬೇಕು ಅಂತ. ಯಾಕೆಂದರೆ ಮಾಂಸಖಂಡಗಳೂ ಅಮೋನಿಯ ಕರಗಿಸುತ್ತವೆ, ಅವು ಸೊರಗಿದರೆ ನಷ್ಟ. ಚಿಕ್ಕಪ್ಪ ಈಗ ಮುದ್ದೆ, ಕಾಳು ಸಾರು, ಮೊಸರು ಎಲ್ಲಾ ತಿನ್ನುತ್ತಾರೆ, ಮಲಗುವ ಮುಂಚೆಯೂ ಏನಾದರೂ ಸ್ವಲ್ಪ ತಿನ್ನಬೇಕು ಅಂತ ಹೇಳಿದ್ದಾರೆ.

ಲ್ಯಾಕ್ಟುಲೋಸ್ ಬರೆದಿದ್ದರೆ ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ. ದಿನಕ್ಕೆ 2–3 ಸಲ ಮೆತ್ತಗೆ ಹೊರಗೆ ಹೋಗಬೇಕು, ಅದೇ ಅಳತೆ. ತೀರಾ ಭೇದಿಯಾದರೂ ಮೈ ಒಣಗಿ ತೊಂದರೆಯೇ, ಡಾಕ್ಟರಿಗೆ ಹೇಳಿ ಕಡಿಮೆ ಮಾಡಿಸಿ. ಮಲ ಕಪ್ಪಗಾದರೆ, ರಕ್ತ ವಾಂತಿಯಾದರೆ, ಜ್ವರ ಬಂದರೆ, ಮಂಕಾದರೆ ಬೆಳಗಾಗಲಿ ಅಂತ ಕಾಯಬೇಡಿ. ನಿದ್ದೆ ಮಾತ್ರೆ, ನೋವಿನ ಮಾತ್ರೆ ಯಾರೇ ಕೊಟ್ಟರೂ ಲಿವರ್ ಡಾಕ್ಟರನ್ನು ಕೇಳದೆ ನುಂಗಿಸಬೇಡಿ. ಕಣ್ಣು ಕಾಣ್ತಿಲ್ಲ ಅಂದರೆ ಎಮರ್ಜೆನ್ಸಿ ಇರುವ ಆಸ್ಪತ್ರೆಗೇ ಹೋಗಿ, ಬಾಗಿಲಲ್ಲೇ ಮೊದಲ ಮಾತಾಗಿ ‘ಇವರಿಗೆ ಸಿರೋಸಿಸ್ ಇದೆ’ ಅಂತ ಹೇಳಿ. ಅವರು ಫೈಲ್ ತೆರೆಯದಿದ್ದರೆ ನೀವೇ ತೆರೆದು ಮುಂದಿಡಿ.