ರೋಮ್‌ನಲ್ಲಿ ಅಗ್ಗದ ರೂಮು: ಎರಡು ಸ್ಟಾರ್ ಹೋಟೆಲ್, ಗೆಸ್ಟ್ ಹೌಸ್, ಕಾನ್ವೆಂಟ್, ಹಾಸ್ಟೆಲ್ – ಯಾರಿಗೆ ಯಾವುದು?

ರೋಮ್‌ನಲ್ಲಿ ಕಡಿಮೆ ದುಡ್ಡಿಗೆ ಉಳಿಯಬೇಕೆಂದರೆ ನಾಲ್ಕು ದಾರಿಗಳಿವೆ: ನಗರದ ಮುಖ್ಯ ರೈಲು ನಿಲ್ದಾಣವಾದ ತೆರ್ಮಿನಿ ಸ್ಟೇಷನ್ ಸುತ್ತಲಿನ ಒಂದು-ಎರಡು ಸ್ಟಾರ್ ಹೋಟೆಲ್, ಅಪಾರ್ಟ್‌ಮೆಂಟಿನ ಯಾವುದೋ ಮಹಡಿಯಲ್ಲಿ ನಡೆಯುವ ಗೆಸ್ಟ್ ಹೌಸ್, ಸಿಸ್ಟರ್‌ಗಳು, ಅಂದರೆ ಕ್ರೈಸ್ತ ಸನ್ಯಾಸಿನಿಯರು, ನಡೆಸುವ ಕಾನ್ವೆಂಟ್ ವಸತಿ ಮತ್ತು ಹಾಸ್ಟೆಲ್. ನಾಲ್ಕರಲ್ಲೂ ಉಳಿದು ನೋಡಿ ಬರೆದ ಹೋಲಿಕೆ ಇದು. ಬುಕಿಂಗ್ ಆ್ಯಪ್‌ನಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ: ಬಿಳಿ ಚಾದರ, ಮಡಿಸಿಟ್ಟ ಟವೆಲ್, ಎಂಟರ ಮೇಲೆ ಅಂಕ. ವ್ಯತ್ಯಾಸ ಗೊತ್ತಾಗುವುದು ರಾತ್ರಿ ಹನ್ನೊಂದಕ್ಕೆ ಸೂಟ್‌ಕೇಸ್ ಎಳೆದುಕೊಂಡು ಬಾಗಿಲ ಮುಂದೆ ನಿಂತಾಗ. ಹಾಗಾಗಿ ನಾವು ಮೊದಲು ವಿಚಾರಿಸುವುದು ಸ್ಟಾರ್ ಎಷ್ಟು ಎಂದಲ್ಲ, ಬಾಗಿಲು ತೆಗೆಯಲು ಅಲ್ಲಿ ಎಷ್ಟು ಹೊತ್ತಿನವರೆಗೆ ಜನ ಇರುತ್ತಾರೆ ಎಂದು.

ಮೊದಲು ದುಡ್ಡಿನ ಮಾತು. ಆ್ಯಪ್ ತೋರಿಸುವ ದರದ ಮೇಲೆ ರೋಮ್ ನಗರಪಾಲಿಕೆಯ ತಂಗುವ ತೆರಿಗೆ ಬೀಳುತ್ತದೆ. ಲೆಕ್ಕ ರೂಮಿಗಲ್ಲ, ತಲೆಗೆ, ರಾತ್ರಿಗೆ. 2023ರ ಅಕ್ಟೋಬರ್‌ನಲ್ಲಿ ಏರಿದ ದರದಂತೆ ಒಂದು ಸ್ಟಾರ್‌ಗೆ 4 ಯೂರೋ, ಎರಡಕ್ಕೆ 5, ಮೂರಕ್ಕೆ 6, ಹಾಸ್ಟೆಲ್‌ಗೆ 3.50. ಗೆಸ್ಟ್ ಹೌಸ್ ಮತ್ತು ಬಿ ಆ್ಯಂಡ್ ಬಿಗಳಲ್ಲಿ (ತಿಂಡಿ ಸೇರಿದ ಮನೆವಸತಿ) ಇದು 6ರ ಆಸುಪಾಸು. ಅಂದರೆ ರೂಮಿನ ದರದಲ್ಲಿ ಅಗ್ಗವಾಗಿ ಕಂಡ ಗೆಸ್ಟ್ ಹೌಸ್ ತೆರಿಗೆಯಲ್ಲಿ ಎರಡು ಸ್ಟಾರ್ ಹೋಟೆಲಿಗಿಂತ ದುಬಾರಿ. ಇಬ್ಬರು ಮೂರು ರಾತ್ರಿ ಎರಡು ಸ್ಟಾರ್‌ನಲ್ಲಿ ಉಳಿದರೆ 30 ಯೂರೋ ಪ್ರತ್ಯೇಕವಾಗಿ ಕೊಡಬೇಕು. ಹತ್ತು ವರ್ಷ ತುಂಬದ ಮಕ್ಕಳಿಗೆ ಇಲ್ಲ, ಸತತ ಹತ್ತು ರಾತ್ರಿ ದಾಟಿದ ಮೇಲೆ ಯಾರಿಗೂ ಇಲ್ಲ. ಕೌಂಟರಿನಲ್ಲಿ ಇದನ್ನು ನಗದಾಗಿಯೇ ಕೇಳುವವರು ಹೆಚ್ಚು. ಕೊಡಿ, ಆದರೆ ರಸೀದಿ ತೆಗೆದುಕೊಳ್ಳಿ.

ಇದರ ಮೇಲೆ ಗೆಸ್ಟ್ ಹೌಸ್‌ನವರ ಸಣ್ಣ ಅಕ್ಷರಗಳು ಬೇರೆ: ಸಂಜೆ ಎಂಟು-ಒಂಬತ್ತರ ನಂತರ ಬಂದರೆ ತಡದ ಶುಲ್ಕ, ಕ್ಲೀನಿಂಗ್ ಶುಲ್ಕ, ಕೆಲವೆಡೆ ಎ.ಸಿ.ಗೂ ದಿನದ ಲೆಕ್ಕ. ಬೆಂಗಳೂರಿನಿಂದ ದುಬೈ ಅಥವಾ ದೋಹಾ ಮೇಲೆ ಹೋಗುವ ವಿಮಾನ ಸಂಜೆ ಇಳಿದರೆ, ಇಮಿಗ್ರೇಷನ್, ಲಗೇಜು, ರೈಲು ಮುಗಿಸಿ ರೂಮು ತಲುಪುವಷ್ಟರಲ್ಲಿ ಆ ಗಡಿ ದಾಟಿರುತ್ತದೆ.

ತೆರ್ಮಿನಿ ಸುತ್ತಲಿನ ಸಣ್ಣ ಹೋಟೆಲು

ಫ್ಯುಮಿಚಿನೊ ವಿಮಾನ ನಿಲ್ದಾಣದಿಂದ ಲಿಯೊನಾರ್ದೊ ಎಕ್ಸ್‌ಪ್ರೆಸ್ ರೈಲು ನಡುವೆ ಎಲ್ಲೂ ನಿಲ್ಲದೆ 32 ನಿಮಿಷಕ್ಕೆ ತೆರ್ಮಿನಿಗೆ ತಂದುಬಿಡುತ್ತದೆ. ಟಿಕೆಟ್ 14 ಯೂರೋ. ಎಫ್‌ಎಲ್1 ಎಂಬ ಲೋಕಲ್ ರೈಲು 8 ಯೂರೋಗೆ ಸಿಗುತ್ತದೆ ನಿಜ, ಆದರೆ ಅದು ತೆರ್ಮಿನಿಗೆ ಬರುವುದೇ ಇಲ್ಲ; ಓಸ್ತಿಯೆನ್ಸೆ, ತಿಬುರ್ತಿನಾ ಎಂಬ ಬೇರೆ ಸ್ಟೇಷನ್‌ಗಳ ಕಡೆ ಹೋಗುತ್ತದೆ. ಮೂರ್ನಾಲ್ಕು ಜನ ಲಗೇಜಿನೊಂದಿಗೆ ಇದ್ದರೆ ಟ್ಯಾಕ್ಸಿಯೇ ಲೇಸು. ಹಳೆಯ ಕೋಟೆ ಗೋಡೆಯ ಒಳಗಿನ ಯಾವ ವಿಳಾಸಕ್ಕಾದರೂ ನಿಗದಿತ ದರವಿದೆ, 2024ರಿಂದ ಅದು 55 ಯೂರೋ. ಹತ್ತುವ ಮೊದಲೇ "55, ಸರಿ ತಾನೇ?" ಎಂದು ಕೇಳಿಕೊಳ್ಳಿ.

ಸ್ಟೇಷನ್ನಿಗೆ ಎರಡು ಮಗ್ಗುಲು. ಈಶಾನ್ಯಕ್ಕೆ ವಿಯಾ ಮಾರ್ಸಾಲಾ. ಅದರಾಚೆ ಮಜೆಂತಾ, ಮಿಲಾತ್ಸೊ, ಪಲೆಸ್ತ್ರೊ ಬೀದಿಗಳು. ನೈಋತ್ಯಕ್ಕೆ ವಿಯಾ ಜೊಲಿತ್ತಿ. ಅದರಾಚೆ ಎಸ್ಕ್ವಿಲಿನೊ ಬಡಾವಣೆ. ಒಂದೇ ದರವಿದ್ದರೆ ಮಾರ್ಸಾಲಾ ಮಗ್ಗುಲನ್ನೇ ಆರಿಸಿ, ರಾತ್ರಿ ಓಡಾಟಕ್ಕೆ ಅದು ಹಿತ. ಪ್ಲಾಟ್‌ಫಾರಂಗಳ ಉದ್ದಕ್ಕೂ ಸಾಗುವ ಜೊಲಿತ್ತಿಯ ಹಿಂಭಾಗ ರಾತ್ರಿ ಹತ್ತರ ಮೇಲೆ ಲಗೇಜು ಎಳೆದುಕೊಂಡು ನಡೆಯುವ ಜಾಗವಲ್ಲ. ಆದರೆ ಅಡುಗೆ ಸಾಮಾನು ಬೇಕಾದವರಿಗೆ ಎಸ್ಕ್ವಿಲಿನೊ ಕಡೆಯೇ ಲಾಭ. ಅದರ ಕಥೆ ಮುಂದೆ.

ಇಲ್ಲಿ ಹೋಟೆಲು ಎಂದರೆ ಒಂದು ಇಡೀ ಕಟ್ಟಡ ಎಂದುಕೊಳ್ಳಬೇಡಿ. ಐದಾರು ಮಹಡಿಯ ಹಳೆಯ ವಸತಿ ಕಟ್ಟಡದಲ್ಲಿ ಎರಡನೇ ಮಹಡಿ ಒಂದು ಹೋಟೆಲು, ನಾಲ್ಕನೆಯದು ಇನ್ನೊಂದು, ನಡುವೆ ವಕೀಲರ ಕಚೇರಿ, ಮನೆಗಳು. ಬೀದಿಯ ದೊಡ್ಡ ಮರದ ಬಾಗಿಲ ಪಕ್ಕ ಹಿತ್ತಾಳೆಯ ಬೆಲ್ ಫಲಕ ಇರುತ್ತದೆ. ಹೋಟೆಲ್ ಹೆಸರಿನ ಮುಂದಿನ ಗುಂಡಿ ಒತ್ತಿದರೆ ಮೇಲಿನಿಂದ ಬಾಗಿಲು ಬಿಡುತ್ತಾರೆ. ವಿಳಾಸದಲ್ಲಿ "ಸ್ಕಾಲಾ ಬಿ, ಇಂತೆರ್ನೊ 7" ಎಂದಿದ್ದರೆ ಅದನ್ನು ಬಿಡದೆ ಬರೆದುಕೊಳ್ಳಿ. ಸ್ಕಾಲಾ ಎಂದರೆ ಮೆಟ್ಟಿಲ ಸಾಲು, ಇಂತೆರ್ನೊ ಎಂದರೆ ಒಳಗಿನ ಮನೆಯ ಸಂಖ್ಯೆ. ಎ ಮತ್ತು ಬಿ ಅಂಗಳದ ಎದುರು ಬದಿಗಳಲ್ಲಿದ್ದು ಮೇಲೆ ಒಂದಕ್ಕೊಂದು ಸೇರುವುದಿಲ್ಲ. ತಪ್ಪು ಸಾಲು ಹತ್ತಿದರೆ ಪೂರ್ತಿ ಇಳಿದು ಮತ್ತೆ ಹತ್ತಬೇಕು. ಲಿಫ್ಟು ಮೆಟ್ಟಿಲ ನಡುವಿನ ಕಬ್ಬಿಣದ ಜಾಲರಿಯೊಳಗೆ ಇರುತ್ತದೆ. ಅದರಲ್ಲಿ ಹಿಡಿಸುವುದು ಇಬ್ಬರು, ಇಲ್ಲವೇ ಒಬ್ಬರು ಮತ್ತು ಒಂದು ದೊಡ್ಡ ಸೂಟ್‌ಕೇಸ್. ಹೊರಗಿನ ಜಾಲರಿ ಬಾಗಿಲು, ಒಳಗಿನ ಮರದ ಬಾಗಿಲು ಎರಡನ್ನೂ ಕೈಯಾರೆ ಮುಚ್ಚದಿದ್ದರೆ ಅದು ಕದಲದು. ಇಳಿದವರು ಮುಚ್ಚದೆ ಹೋದರೆ ಕೆಳಗಿನವರು ಎಷ್ಟು ಗುಂಡಿ ಒತ್ತಿದರೂ ಬಾರದು; "ಲಿಫ್ಟ್ ಕೆಟ್ಟಿದೆ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ.

ರೂಮು ಕಾದಿರಿಸುವಾಗ "ಮಾತ್ರಿಮೊನಿಯಾಲೆ" ಎಂದರೆ ಡಬಲ್ ಬೆಡ್, "ದೊಪ್ಪಿಯಾ" ಎಂದರೆ ಎರಡು ಬಿಡಿ ಮಂಚ. "ಫ್ರೆಂಚ್ ಬೆಡ್" ಎಂದು ಬರೆದಿದ್ದರೆ ಅಗಲ ಸುಮಾರು 140 ಸೆಂ.ಮೀ. ಮಾತ್ರ, ಇಬ್ಬರು ದೊಡ್ಡವರಿಗೆ ಇಕ್ಕಟ್ಟು. ಬೀದಿ ಕಡೆಯ ರೂಮಿಗೆ ಬೆಳಕು ಹೆಚ್ಚು, ಗದ್ದಲವೂ ಹೆಚ್ಚು. ಒಳ ಅಂಗಳದ ರೂಮು ಕತ್ತಲು, ಆದರೆ ನಿದ್ದೆ ಬರುತ್ತದೆ. ನಮ್ಮ ಆಯ್ಕೆ ಅಂಗಳದ್ದೇ. ಸೊಳ್ಳೆ ಪರದೆ ಹೆಚ್ಚಿನ ಕಡೆ ಇರುವುದಿಲ್ಲ. ಬೇಸಿಗೆಯಲ್ಲಿ ಎ.ಸಿ. ಇಲ್ಲದ ರೂಮು ಎಷ್ಟೇ ಅಗ್ಗವಾಗಿದ್ದರೂ ಜುಲೈ-ಆಗಸ್ಟ್‌ನಲ್ಲಿ ಬೇಡ. ಕಿಟಕಿ ತೆಗೆದರೆ ಸೊಳ್ಳೆ, ಮುಚ್ಚಿದರೆ ಬೇಗೆ.

ಚಳಿಗಾಲದ ತಕರಾರು ಬೇರೆ. ರೋಮ್‌ನ ವಸತಿ ಕಟ್ಟಡಗಳ ಹೀಟಿಂಗ್‌ಗೆ ಕಾನೂನಿನ ಮಿತಿ ಇದೆ: ನವೆಂಬರ್ 1ರಿಂದ ಏಪ್ರಿಲ್ 15, ದಿನಕ್ಕೆ ಹೆಚ್ಚೆಂದರೆ 12 ಗಂಟೆ. ಹೋಟೆಲಿನ ರೇಡಿಯೇಟರು ಇಡೀ ಕಟ್ಟಡದ ಬಾಯ್ಲರಿಗೆ ಸೇರಿದ್ದರೆ ನಡುರಾತ್ರಿ ತಣ್ಣಗಾಗುವುದು ಅದಕ್ಕೇ. ರಿಸೆಪ್ಷನ್‌ನಲ್ಲಿ ಜಗಳ ಮಾಡಿ ಫಲವಿಲ್ಲ. ಇನ್ನೊಂದು ಕಂಬಳಿ ಕೇಳಿ, ಬೀರುವಿನ ಮೇಲ್ಗಡೆ ಇಟ್ಟೇ ಇರುತ್ತಾರೆ.

ಬಾತ್‌ರೂಮಿನಲ್ಲಿ ಬಕೆಟ್ಟು, ಚೊಂಬು ಇರುವುದಿಲ್ಲ. ಆದರೆ ಯುರೋಪಿನ ಬೇರೆ ಕಡೆಗೆ ಹೋಲಿಸಿದರೆ ನಮ್ಮವರಿಗೆ ಇಟಲಿ ವಾಸಿ, ಏಕೆಂದರೆ ಬಿದೆ ಇರುತ್ತದೆ. ತೊಳೆದುಕೊಳ್ಳಲೆಂದು ಕಮೋಡಿನ ಪಕ್ಕ ಇಟ್ಟ ಗಿಡ್ಡ ಬೇಸಿನ್ನೇ ಅದು. ಅಲ್ಲಿನ ಮನೆಗಳಲ್ಲಿ ಬಿದೆ ಇರಲೇಬೇಕೆಂದು 1975ರ ಸರ್ಕಾರಿ ಆದೇಶವೇ ಇದೆ. ಶವರಿನ ಪಕ್ಕ ಮೇಲಿನಿಂದ ಇಳಿಬಿದ್ದ ದಾರವನ್ನು ಮಾತ್ರ ಮುಟ್ಟಬೇಡಿ. ಅದು ದೀಪದ ಸ್ವಿಚ್ಚೂ ಅಲ್ಲ, ಬಟ್ಟೆ ಒಣಹಾಕುವ ಹಗ್ಗವೂ ಅಲ್ಲ, ಬಿದ್ದವರು ಎಳೆಯಲೆಂದು ಇಟ್ಟ ಅಲಾರಂ.

ಪ್ಲಗ್ಗಿನ ವಿಚಾರಕ್ಕೆ ಬಂದರೆ, ಇಟಲಿಯ ಸಾಕೆಟ್ಟಿನಲ್ಲಿ ಒಂದೇ ಸಾಲಿನ ಮೂರು ಸಣ್ಣ ತೂತು. ನಮ್ಮ ಮೊಬೈಲ್ ಚಾರ್ಜರಿನ ಸಣ್ಣ ಎರಡು ಪಿನ್ನು ಅದರ ಹೊರತೂತುಗಳಿಗೆ ನೇರವಾಗಿ ಕೂರುತ್ತದೆ. ಲ್ಯಾಪ್‌ಟಾಪಿನ ಮೂರು ದಪ್ಪ ಪಿನ್ನು ಕೂರುವುದಿಲ್ಲ. ಯೂನಿವರ್ಸಲ್ ಅಡಾಪ್ಟರ್ ಕೊಳ್ಳುವಾಗ ಪಿನ್ನಿನ ದಪ್ಪ ನೋಡಿ. 4 ಮಿ.ಮೀ. ಪಿನ್ನಿನದು ಹಿಡಿಸುತ್ತದೆ, ಜರ್ಮನಿಗೆ ಆಗುವ 4.8 ಮಿ.ಮೀ. ಪಿನ್ನಿನದು ಹಳೆಯ ಸಾಕೆಟ್ಟಿಗೆ ನುಗ್ಗುವುದಿಲ್ಲ. ಕೆಟಲ್ ಹೊತ್ತೊಯ್ಯುವ ಆಸೆ ಬಿಡಿ. ಇಟಲಿಯ ಮನೆಗಳ ವಿದ್ಯುತ್ ಸಂಪರ್ಕ ಸಾಮಾನ್ಯವಾಗಿ 3 ಕಿಲೋವ್ಯಾಟ್. ಅಂಥ ಸಂಪರ್ಕದ ಜಾಗದಲ್ಲಿ ಎ.ಸಿ. ಮತ್ತು ಗೀಸರ್ ಓಡುವಾಗ 1500-2000 ವ್ಯಾಟಿನ ಕೆಟಲ್ ಹಾಕಿದರೆ ಮಹಡಿಗೆ ಮಹಡಿಯೇ ಕತ್ತಲು. ಎಂಟಿಆರ್ ಉಪ್ಪಿಟ್ಟಿನ ಪ್ಯಾಕೆಟ್ಟಿಗೆ ಬಿಸಿನೀರು ಬೇಕಿದ್ದರೆ ಕೆಳಗಿನ ಕಾಫಿ ಬಾರಿಗೆ ಫ್ಲಾಸ್ಕ್ ಒಯ್ದು "ಆಕ್ವಾ ಬೊಲೆಂತೆ" ಎನ್ನಿ. ಒಂದು ಕಾಫಿ ಕುಡಿದು ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಕುಡಿಯುವ ನೀರಿಗೆ ದುಡ್ಡು ಹಾಕಬೇಡಿ. ನಲ್ಲಿ ನೀರು ಕುಡಿಯಬಹುದು, ಬೀದಿಯಲ್ಲಿ ನಾಸೊನಿ ಎಂಬ ಕಬ್ಬಿಣದ ನಲ್ಲಿಗಳು ಹಗಲೂ ರಾತ್ರಿ ಹರಿಯುತ್ತಿರುತ್ತವೆ.

ಇಷ್ಟೆಲ್ಲ ಕೊರತೆ ಇದ್ದೂ ಈ ಹೋಟೆಲಿನ ಲಾಭ ಒಂದೇ: ಕೌಂಟರಿನಲ್ಲಿ ಒಬ್ಬರು ಇರುತ್ತಾರೆ. ಖಾಲಿ ಮಾಡಿದ ದಿನ ಸಂಜೆವರೆಗೆ ಬ್ಯಾಗು ಇಟ್ಟುಕೊಳ್ಳುತ್ತಾರೆ, ರೂಮು ಹಿಡಿಸದಿದ್ದರೆ ಬದಲಿಸುತ್ತಾರೆ. ಇಪ್ಪತ್ನಾಲ್ಕು ಗಂಟೆಯ ರಿಸೆಪ್ಷನ್ ಈ ದರ್ಜೆಗೆ ಕಡ್ಡಾಯವಲ್ಲ, ಚಾದರ ದಿನವೂ ಬದಲಾಗುವುದೂ ಇಲ್ಲ. ಬುಕ್ ಮಾಡುವ ಮುನ್ನ ರಾತ್ರಿ ಯಾರಿರುತ್ತಾರೆ ಎಂದು ಬರೆದು ಕೇಳಿ. ಒಳಹೊಕ್ಕ ಕೂಡಲೇ ಲಗೇಜನ್ನು ಬಾತ್‌ರೂಮಿನ ನೆಲದ ಮೇಲಿಟ್ಟು, ಹಾಸಿಗೆಯ ತಲೆಕಡೆ ಮೂಲೆ ಎತ್ತಿ ಹೊಲಿಗೆಯ ಉದ್ದಕ್ಕೂ ಮೊಬೈಲ್ ದೀಪ ಹಿಡಿಯಿರಿ. ಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆ ಕಂಡರೆ ಅದು ತಿಗಣೆ. ಬೇರೆ ರೂಮು ಕೇಳಿ, ಪಕ್ಕದ್ದಲ್ಲ, ದೂರದ್ದು.

ಗೆಸ್ಟ್ ಹೌಸ್

ರೂಮು ನೋಡಲು ಇದೇ ಚೆಂದ. ಹೊಸ ಟೈಲ್ಸ್, ಹೊಸ ಎ.ಸಿ., ದೊಡ್ಡ ಟಿವಿ. ಆದರೆ ಮನುಷ್ಯರಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕೋಡ್ ಬರುತ್ತದೆ, ಪಾಸ್‌ಪೋರ್ಟ್ ಫೋಟೊ ಕಳಿಸಲು ಹೇಳುತ್ತಾರೆ. ಅತಿಥಿಗಳ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಕಳಿಸುವುದು ಅಲ್ಲಿ ಕಡ್ಡಾಯ, ಹಾಗಾಗಿ ಪಾಸ್‌ಪೋರ್ಟ್ ಕೇಳುವುದರಲ್ಲಿ ಅನುಮಾನಪಡುವಂಥದ್ದೇನಿಲ್ಲ. ಅನುಮಾನಪಡಬೇಕಾದದ್ದು ಸಿಐಎನ್ ಸಂಖ್ಯೆ ಕಾಣದಿದ್ದರೆ. 2025ರಿಂದ ಪ್ರತಿ ವಸತಿಯೂ ಈ ರಾಷ್ಟ್ರೀಯ ಸಂಖ್ಯೆಯನ್ನು ಜಾಹೀರಾತಿನಲ್ಲೂ ಬಾಗಿಲಲ್ಲೂ ಹಾಕಬೇಕು. ರೋಮ್ ನಗರದ್ದಾದರೆ ಅದು ಐಟಿ058091 ಎಂದು ಶುರುವಾಗುತ್ತದೆ.

ಕೆಡುವುದು ಬಾಗಿಲಲ್ಲಿ. ಬೀದಿ ಬಾಗಿಲು, ಮಹಡಿ ಬಾಗಿಲು, ರೂಮಿನ ಬಾಗಿಲು ಹೀಗೆ ಮೂರು ಬೀಗ. ಒಂದರ ಕೋಡ್ ಕೆಲಸ ಮಾಡದಿದ್ದರೂ ಬೀದಿಯಲ್ಲೇ. ನಿಮ್ಮ ರೋಮಿಂಗ್ ಪ್ಯಾಕ್ ಅಷ್ಟರಲ್ಲಿ ಚಾಲೂ ಆಗಿರಬೇಕು, ಫೋನಿನಲ್ಲಿ ಚಾರ್ಜ್ ಇರಬೇಕು. ಕೋಡ್‌ಗಳನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ಬೀಗದಕೈ ಕೊಡುವ ಕಡೆ ಇನ್ನೊಂದು ಅಪಾಯ: ಇಟಲಿಯ ಮುಂಬಾಗಿಲಿಗೆ ಹೊರಗಡೆ ತಿರುಗುವ ಹಿಡಿ ಇರುವುದಿಲ್ಲ, ಬರೀ ಗುಬಟು. ಎಳೆದುಕೊಂಡರೆ ತಾನೇ ಮುಚ್ಚಿಕೊಳ್ಳುತ್ತದೆ. ಬೀಗದಕೈ ಒಳಗೇ ಉಳಿದರೆ ನೀವು ಹೊರಗೆ. ಒಳಗಿನಿಂದ ಬೀಗದಕೈ ಚುಚ್ಚಿಟ್ಟಿದ್ದರೆ ಎಷ್ಟೋ ಬೀಗಗಳಲ್ಲಿ ಮಾಲೀಕರ ಇನ್ನೊಂದು ಬೀಗದಕೈಯೂ ಹೊರಗಿನಿಂದ ಹೊಗದು. ರಾತ್ರಿ ಬೀಗ ಬಿಡಿಸುವವರನ್ನು ಕರೆಸಿದರೆ ಉಳಿಸಿದ ದುಡ್ಡೆಲ್ಲ ಅಲ್ಲಿಗೇ ಹೋಗುತ್ತದೆ. ಮೂರು ರಾತ್ರಿಗಿಂತ ಹೆಚ್ಚು ಇರುವವರಿಗೆ, ಹಗಲು ತಲುಪುವವರಿಗೆ ಗೆಸ್ಟ್ ಹೌಸ್ ಸರಿ. ಒಂದೇ ರಾತ್ರಿಗೆ ಬೇಡ.

ಕಾನ್ವೆಂಟ್

ಇದನ್ನು ಅಲ್ಲಿ "ಕಾಸಾ ಪೆರ್ ಫೆರಿಯೆ" ಎನ್ನುತ್ತಾರೆ. ಧರ್ಮ ಯಾವುದೆಂದು ಕೇಳುವವರಿಲ್ಲ. ಬಿಡಿ ಮಂಚಗಳು, ಗೋಡೆಯಲ್ಲಿ ಒಂದು ಶಿಲುಬೆ, ಸಾದಾ ಮೇಜು. ನೆಲ ಮಾತ್ರ ಕನ್ನಡಿ. ಈ ದುಡ್ಡಿಗೆ ರೋಮ್‌ನಲ್ಲಿ ಇಷ್ಟು ಚೊಕ್ಕಟವಾದ ಬಾತ್‌ರೂಮು ಬೇರೆಲ್ಲೂ ಸಿಗದು. ಕೆಲವು ಮನೆಗಳಲ್ಲಿ ಕೇರಳದ, ಅಪರೂಪಕ್ಕೆ ಮಂಗಳೂರು ಕಡೆಯ ಸಿಸ್ಟರ್‌ಗಳೂ ಇರುತ್ತಾರೆ. ಬೆಲೆ ತಲೆಲೆಕ್ಕದಲ್ಲಿ ಇರುವುದರಿಂದ ಇಬ್ಬರಿಗೆ ಎರಡು ಸ್ಟಾರ್ ಹೋಟೆಲಿನಷ್ಟೇ ಆಗುತ್ತದೆ. ಒಬ್ಬರೇ ಹೋದರೆ ಹೋಟೆಲಿನ ಸಿಂಗಲ್ ರೂಮಿಗಿಂತ ಬಹಳ ಸಲ ಕಡಿಮೆ.

ಕಟ್ಟುಪಾಡು ಒಂದು: ರಾತ್ರಿ ಬಾಗಿಲು ಹಾಕುವ ಹೊತ್ತು. ಹೆಚ್ಚಿನ ಕಡೆ ಹತ್ತೂವರೆಯಿಂದ ಹನ್ನೊಂದೂವರೆಯೊಳಗೆ. ಅಪ್ಪ-ಅಮ್ಮನನ್ನು ಕರೆದೊಯ್ಯುವವರಿಗೆ ಇದು ತೊಂದರೆಯೇ ಅಲ್ಲ, ಅಷ್ಟು ಹೊತ್ತಿಗೆ ಅವರ ನಿದ್ದೆ ಅರ್ಧ ಮುಗಿದಿರುತ್ತದೆ. ಬುಕಿಂಗ್ ಹೆಚ್ಚಾಗಿ ಇಮೇಲಿನಲ್ಲಿ ನಡೆಯುತ್ತದೆ, ಉತ್ತರ ಬರಲು ದಿನಗಳೇ ಹಿಡಿಯುತ್ತವೆ. ಷೆಂಗೆನ್ ವೀಸಾ ಅರ್ಜಿಗೆ ತಂಗುವ ದಾಖಲೆ ಬೇಕಾದಾಗ ಇದೇ ತಲೆನೋವು. ಅದಕ್ಕೆ ಉಪಾಯ: ಮೊದಲು ಉಚಿತ ರದ್ದತಿಯ ಹೋಟೆಲೊಂದನ್ನು ಎಲ್ಲರ ಹೆಸರೂ ಪಾಸ್‌ಪೋರ್ಟಿನಲ್ಲಿರುವಂತೆ ಹಾಕಿಸಿ ಕಾದಿರಿಸಿ, ಕಾನ್ವೆಂಟಿನ ಪತ್ರ ಕೈಸೇರಿದರೆ ಅದನ್ನೇ ಅರ್ಜಿಗೆ ಲಗತ್ತಿಸಿ, ಹೋಟೆಲು ಬಿಡಿ. ಊಟ ಹಾಕುವ ಮನೆಗಳಲ್ಲಿ ಸಸ್ಯಾಹಾರಿಗಳು ಸೂಪಿನ ಬಗ್ಗೆ ವಿಚಾರಿಸಿಯೇ ತಿನ್ನಬೇಕು: ತರಕಾರಿ ಸೂಪ್ ಎಂದರೂ ನೀರು ಮಾಂಸ ಬೇಯಿಸಿದ್ದಾಗಿರಬಹುದು. "ಬ್ರೋದೊ ದಿ ಕಾರ್ನೆ?" ಎಂದರೆ ಅರ್ಥವಾಗುತ್ತದೆ.

ಹಾಸ್ಟೆಲ್

ಒಬ್ಬರೇ ಹೋಗುವ ಹುಡುಗ-ಹುಡುಗಿಯರಿಗೆ ಡಾರ್ಮ್ (ಹಲವರು ಒಟ್ಟಿಗೆ ಮಲಗುವ ಕೋಣೆ) ಹಾಸಿಗೆ ಸರಿ. ನಿಮ್ಮದೇ ಬೀಗ, ಟವೆಲ್ ಒಯ್ಯಿರಿ. ಕೆಲವೆಡೆ ಡಾರ್ಮಿಗೆ ವಯಸ್ಸಿನ ಮಿತಿ ಇರುತ್ತದೆ, ಷರತ್ತು ಓದಿ. ಹಾಸ್ಟೆಲಿನ ಪ್ರೈವೇಟ್ ರೂಮಿಗೆ ಮಾತ್ರ ಮರುಳಾಗಬೇಡಿ. ಎಷ್ಟೋ ಸಲ ಎರಡು ಸ್ಟಾರ್ ಹೋಟೆಲಿಗಿಂತ ಅದೇ ದುಬಾರಿ, ಕೆಳಗಿನ ಬಾರಿನ ಸದ್ದು ಬೇರೆ.

ಅಡುಗೆಮನೆ ಇರುವ ಹಾಸ್ಟೆಲ್ ಸಿಕ್ಕರೆ ಲೆಕ್ಕ ಬದಲಾಗುತ್ತದೆ. ಪಿಯಾತ್ಸಾ ವಿತ್ತೋರಿಯೊ ಪಕ್ಕದ ನುವೊವೊ ಮೆರ್ಕಾತೊ ಎಸ್ಕ್ವಿಲಿನೊ ಮಾರುಕಟ್ಟೆಯಲ್ಲಿ, ಸುತ್ತಲಿನ ಬಾಂಗ್ಲಾ ಅಂಗಡಿಗಳಲ್ಲಿ ಅಕ್ಕಿ, ತೊಗರಿಬೇಳೆ, ಬೆಂಡೆಕಾಯಿ, ಹಸಿಮೆಣಸು, ಕೊತ್ತಂಬರಿ ಎಲ್ಲ ಸಿಗುತ್ತವೆ. ಮಾರುಕಟ್ಟೆಗೆ ಬೆಳಗ್ಗೆ ಹೋಗಿ; ಮಧ್ಯಾಹ್ನ ಅಂಗಡಿ ಎತ್ತುತ್ತಾರೆ, ಭಾನುವಾರ ರಜೆ.

ಇನ್ನು ತಿಂಡಿ. ಹೋಟೆಲಿನವರು ಪ್ರತ್ಯೇಕ ದುಡ್ಡಿಗೆ ಕೊಡುವ ತಿಂಡಿ ಎಂದರೆ ಒಣ ಟೋಸ್ಟು, ಪುಟ್ಟ ಜ್ಯಾಮ್ ಡಬ್ಬಿ, ಮಶಿನ್ ಕಾಫಿ. ಕೆಳಗಿನ ಕಾಫಿ ಬಾರಿನಲ್ಲಿ ನಿಂತೇ ಕಪ್ಪುಚೀನೊ, ಕೊರ್ನೆತ್ತೊ (ಕ್ರೊಸ್ಸಾಂಟ್ ಥರದ ಬನ್ನು) ಮುಗಿಸಿದರೆ ಮೂರು ಯೂರೋ ಆಸುಪಾಸು. ಅಲ್ಲೇ ಕುರ್ಚಿ ಎಳೆದು ಕೂತರೆ ದರ ಬೇರೆ. ಮೊಟ್ಟೆ ತಿನ್ನದವರಿಗೆ ಕೊರ್ನೆತ್ತೊ ಆಗುವುದಿಲ್ಲ, ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ತೂಕದ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಅಂಗಡಿಯಲ್ಲಿ ಪಿತ್ಸಾ ರೊಸ್ಸಾ ಕೇಳಿ, ಟೊಮೆಟೊ ಬಿಟ್ಟರೆ ಮೇಲೆ ಏನೂ ಇರುವುದಿಲ್ಲ.

ಹೊರಡುವ ದಿನ ಬೆಳಗಿನ ವಿಮಾನವಿದ್ದರೆ ಕೊನೆಯ ರಾತ್ರಿಯನ್ನಾದರೂ ತೆರ್ಮಿನಿ ಪಕ್ಕಕ್ಕೆ ಬದಲಿಸಿಕೊಳ್ಳಿ. ಏರ್‌ಪೋರ್ಟ್ ರೈಲು ಹೊರಡುವುದು 23-24ನೇ ಪ್ಲಾಟ್‌ಫಾರಂನಿಂದ, ಅದು ಜೊಲಿತ್ತಿ ಮಗ್ಗುಲಿನ ಕೊನೆ. ಮಾರ್ಸಾಲಾ ಕಡೆಯಿಂದ ಬರುವವರು ಸ್ಟೇಷನ್ ಒಳಗೇ ಹತ್ತು ನಿಮಿಷ ನಡಿಗೆ ಇಟ್ಟುಕೊಳ್ಳಬೇಕು. ಕಾನ್ವೆಂಟಿನಲ್ಲೇ ಉಳಿದಿದ್ದರೆ ಹಿಂದಿನ ಸಂಜೆ ಊಟದ ಹೊತ್ತಿಗೇ ಸಿಸ್ಟರ್‌ಗೆ ಹೇಳಿ, ಬಾಗಿಲು ಯಾರು ತೆಗೆಯುತ್ತಾರೆ, ಎಷ್ಟು ಗಂಟೆಗೆ ಎಂದು ಖಚಿತ ಮಾಡಿಕೊಂಡು, ತೆರಿಗೆ ಬಾಕಿಯನ್ನೂ ಆಗಲೇ ತೀರಿಸಿಬಿಡಿ.