ಬೆಲೆ ಕೇಳುವಷ್ಟು ದೂರ: ದಾವಣಗೆರೆ ಪೇಟೆಯಲ್ಲಿ ಮೊಬೈಲ್, ಜೂಮ್ ಮತ್ತು 35

ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ, ಪೇಟೆಗೆ ರಜೆ ಇಲ್ಲ. ಇದೊಂದು ಅನುಕೂಲದಿಂದಾಗಿ ದಾವಣಗೆರೆಯ ಹಳೇ ಪೇಟೆಯನ್ನು ಕ್ಯಾಮೆರಾ ಹಿಡಿದು ಸುತ್ತುವ ಚಟ ನನಗೆ ಅಂಟಿಕೊಂಡಿದೆ. ಗಡಿಯಾರ ಕಂಬದ ಬಳಿ ಸ್ಕೂಟರ್ ನಿಲ್ಲಿಸಿ, ಕೆ.ಆರ್. ಮಾರುಕಟ್ಟೆ ಹೊಕ್ಕು, ಮಂಡಿಪೇಟೆ, ಚೌಕಿಪೇಟೆ, ಕಾಳಿಕಾದೇವಿ ರಸ್ತೆ ಎಂದು ಅಲೆದು ಮತ್ತೆ ಸ್ಕೂಟರಿನ ಬಳಿ ಬರುವಷ್ಟರಲ್ಲಿ ಮೂರು ಗಂಟೆ ಕಳೆದಿರುತ್ತದೆ. ಅದರಲ್ಲಿ ಅರ್ಧ ಗಂಟೆ ಬೆಣ್ಣೆ ದೋಸೆಯ ಲೆಕ್ಕಕ್ಕೆ.

ಇಂಥ ತಿರುಗಾಟಕ್ಕೆ ಯಾವುದನ್ನು ಒಯ್ಯಬೇಕು ಎಂಬುದು ನಮ್ಮ ಗೆಳೆಯರ ಗುಂಪಿನಲ್ಲಿ ಹಳೆಯ ಜಗಳ. ಮೊಬೈಲ್ ಸಾಕು ಎನ್ನುವವರು ಒಂದು ಕಡೆ, ದೂರದಿಂದ ಜೂಮ್ ಹಾಕಿ ತೆಗೆದರೆ ಮಾತ್ರ ಜನ ಸಹಜವಾಗಿರುತ್ತಾರೆ ಎನ್ನುವವರು ಇನ್ನೊಂದು ಕಡೆ. ನನ್ನ ಬಳಿ ಮೂರು ಆಯುಧಗಳಿವೆ: ಒಂದು ಸಾಧಾರಣ ಮೊಬೈಲ್, ಎಪಿಎಸ್-ಸಿ ಸೆನ್ಸರಿನ (ಅಂದರೆ ಬೆಳಕು ಹಿಡಿಯುವ ಫಲಕ ಹಳೆಯ ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದಿರುವ) ಒಂದು ಕ್ಯಾಮೆರಾ, ಅದಕ್ಕೆ ಹಾಕಲು 55–200 ಮಿ.ಮೀ. ಜೂಮ್ ಹಾಗೂ 35 ಮಿ.ಮೀ. ಎಫ್/1.8 ಲೆನ್ಸ್. ಮಿ.ಮೀ. ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ; ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ಅಗಲ ತೆರೆದು ಹೆಚ್ಚು ಬೆಳಕು ಬರುತ್ತದೆ. ವಾದ ಬೇಡ, ನಡೆದೇ ನೋಡೋಣ ಎಂದು ಒಂದೊಂದು ಶನಿವಾರ ಒಂದೊಂದನ್ನು ಮಾತ್ರ ಒಯ್ದೆ. ಅದೇ ದಾರಿ, ಅದೇ ಬೆಳಗಿನ ಏಳೂವರೆ. ಉಳಿದ ಎರಡು ಮನೆಯಲ್ಲೇ. ಮೊಬೈಲನ್ನಂತೂ ಬಿಟ್ಟು ಹೋಗಲು ಮನೆಯವಳು ಒಪ್ಪಲಿಲ್ಲ. ಜೇಬಿನಿಂದ ತೆಗೆಯುವುದಿಲ್ಲ ಎಂದು ನನಗೆ ನಾನೇ ಆಣೆ ಹಾಕಿಕೊಂಡೆ.

ಮೊದಲ ಸರದಿ ಜೂಮಿನದು. ಹೆಚ್ಚು ದುಡ್ಡು ಕೊಟ್ಟದ್ದು ಅದಕ್ಕೇ, ಆದ್ದರಿಂದ ಅದೇ ಗೆಲ್ಲಲಿ ಎಂಬ ಆಸೆಯೂ ಇತ್ತು. 200 ಮಿ.ಮೀ.ನಲ್ಲಿ ಒಂದು ಮೀಟರ್ ಅಗಲದ ನೋಟ ಬೇಕೆಂದರೆ ಎಂಟೂವರೆ ಮೀಟರ್ ಹಿಂದೆ ನಿಲ್ಲಬೇಕು. ಕಾಗದದ ಮೇಲೆ ಇದು ಸಲೀಸು. ಮಂಡಿಪೇಟೆಯಲ್ಲಿ ಎಂಟೂವರೆ ಮೀಟರ್ ಎಂದರೆ ರಸ್ತೆಯ ಆಚೆ ಬದಿ. ಬೆಳ್ಳುಳ್ಳಿ ಸಿಪ್ಪೆಯನ್ನು ಮೊರದಲ್ಲಿ ಕೇರುತ್ತಿದ್ದ ಹಮಾಲಿಯೊಬ್ಬರಿಗೂ ನನಗೂ ನಡುವೆ ಗೂಡ್ಸ್ ಆಟೊ, ಹಿಂದೆ ಎರಡು ಚೀಲ ಹೇರಿಕೊಂಡ ಮೊಪೆಡ್, ಒಂದು ಕೈಗಾಡಿ, ಯಾರ ಹಂಗೂ ಇಲ್ಲದ ಒಂದು ಹಸು ಹಾದುಹೋದವು. ನಲವತ್ತು ಫೋಟೋಗಳಲ್ಲಿ ಹಮಾಲಿ ಪೂರ್ತಿಯಾಗಿ ಕಂಡದ್ದು ಏಳರಲ್ಲಿ. ಆ ಏಳು ಚೆನ್ನಾಗಿವೆ, ಸುಳ್ಳು ಹೇಳುವುದಿಲ್ಲ. ಗಾಳಿಗೆ ಹಾರಿದ ಸಿಪ್ಪೆ ಹಿಂಬೆಳಕಿಗೆ ಚಿಟ್ಟೆಗಳ ಹಿಂಡಿನಂತೆ ಹೊಳೆಯುತ್ತದೆ.

ತೊಂದರೆ ಎದುರಾದದ್ದು ಸ್ವಲ್ಪ ಮುಂದೆ. ಬೀದಿಬದಿಯಲ್ಲಿ ಗೋಣಿತಾಟು ಹಾಸಿ ಕುಳಿತವರ ಕಡೆ ಲೆನ್ಸ್ ತಿರುಗಿಸಿದ್ದೆನಷ್ಟೆ, ಪಕ್ಕದ ಅಂಗಡಿಯಿಂದ ಒಬ್ಬರು ಎದ್ದು ಬಂದರು. “ಯಾವ ಕಡೆಯವರು ಸರ್? ಇವರನ್ನು ಎಬ್ಬಿಸುವುದಕ್ಕೆ ಫೋಟೋ ಹೊಡೆಯುತ್ತಿದ್ದೀರಾ?” ಹವ್ಯಾಸ ಎಂದೆ. ಅಷ್ಟು ಉದ್ದದ ಕೊಳವೆ ಹಿಡಿದವನ ಹವ್ಯಾಸದ ಮಾತನ್ನು ಅವರು ನಂಬಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ದೂರ ನಿಂತವನು ಏನನ್ನೂ ಕೊಳ್ಳುವವನಲ್ಲ. ಪೇಟೆಯಲ್ಲಿ ಕೊಳ್ಳದೆ ನಿಂತು ನೋಡುವವನು ಒಂದೋ ಕಳ್ಳ, ಇಲ್ಲವೇ ಅಧಿಕಾರಿ.

ಬೆಳಕಿನ ವಿಚಾರದಲ್ಲೂ ಜೂಮ್ ಸೋತಿತು. ಮಾರುಕಟ್ಟೆಯ ಒಳಗೆ ತಲೆಯ ಮೇಲೆ ನೀಲಿ ತಾಡಪಾಲು ಬಿಗಿದಿರುತ್ತಾರೆ. ಅದರಡಿ 35ರಲ್ಲಿ ಎಫ್/1.8ಕ್ಕೆ ತೆರೆದು, ಸೆಕೆಂಡಿನ 250ನೇ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದಿಟ್ಟರೆ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) 400 ಸಾಕಾಗುವ ಕಡೆ, ಉದ್ದಕ್ಕೆ ಎಳೆದ ಜೂಮಿನ ಎಫ್/5.6ಕ್ಕೆ ಹತ್ತಿರ ಹತ್ತಿರ 4000 ಬೇಕು. ಒಳಗೆ ಬರುವ ಬೆಳಕಿನಲ್ಲಿ ಸುಮಾರು ಹತ್ತು ಪಟ್ಟು ವ್ಯತ್ಯಾಸ. ಟೊಮೆಟೊ ಮೇಲೆ ರವೆ ಚೆಲ್ಲಿದಂತಾಗುತ್ತದೆ.

ಎರಡನೇ ಸರದಿ ಮೊಬೈಲಿನದು. ಒಬ್ಬರೂ ಏನೂ ಕೇಳಲಿಲ್ಲ. ಎಲ್ಲರ ಕೈಯಲ್ಲೂ ಅದೇ ಇರುವಾಗ ನನ್ನದನ್ನು ಯಾರು ಗಮನಿಸಬೇಕು? ಅದರ ಮುಖ್ಯ ಕ್ಯಾಮೆರಾ ಅಗಲ ನೋಟದ್ದು. ಒಂದೂವರೆ ಮೀಟರಿನಲ್ಲಿ ನಿಂತರೆ ಸುಮಾರು ಎರಡು ಮೀಟರ್ ಅಗಲ ಹಿಡಿಯುತ್ತದೆ. ಹಗ್ಗದ ಅಂಗಡಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಚಾವಣಿಯಿಂದ ಇಳಿಬಿದ್ದ ಹಗ್ಗದ ಸುರುಳಿಗಳು, ಮೂಗುದಾರ, ಕೊರಳಗಂಟೆ, ಬಾರುಕೋಲು, ಇವೆಲ್ಲದರ ನಡುವೆ ಕಿಟಕಿಯಷ್ಟು ಜಾಗದಲ್ಲಿ ಕುಳಿತ ಯಜಮಾನರು. ಅಲ್ಲಿ ಹಿಂದೆ ಸರಿಯಲು ಚರಂಡಿ ಬಿಟ್ಟರೆ ಬೇರೆ ಸ್ಥಳವಿಲ್ಲ, ಮೊಬೈಲಿಗೆ ಹಿಂದೆ ಸರಿಯುವ ಅಗತ್ಯವೂ ಇಲ್ಲ.

ಆದರೆ ಮೊಬೈಲಿಗೆ ಕತ್ತಲೆಯನ್ನು ಕಂಡರೆ ಆಗುವುದಿಲ್ಲ. ಹಳೆಯ ಮಂಡಿಯೊಂದರಲ್ಲಿ ಒಂದೇ ಬಲ್ಬಿನಡಿ ಇಳಿಮೇಜಿನ ಮುಂದೆ ಕುಳಿತು ಲೆಕ್ಕ ಬರೆಯುತ್ತಿದ್ದವರನ್ನು ತೆಗೆದೆ. ಫೋನು ಹಲವು ಚಿತ್ರಗಳನ್ನು ಒಟ್ಟುಗೂಡಿಸಿ, ಮೂಲೆ ಮೂಲೆಗೂ ಸುಣ್ಣ ಬಳಿದಂತೆ ಬೆಳಗಿಸಿಕೊಟ್ಟಿತು. ನಾನು ನಿಂತು ನೋಡಿದ್ದೇ ಆ ಕತ್ತಲೆಯನ್ನು, ಫೋಟೋದಲ್ಲಿ ಅದೇ ಇಲ್ಲ. ಹತ್ತು ಗಂಟೆಯ ಬಿಸಿಲಿಗೆ ಪರದೆ ಕಾಣುವುದಿಲ್ಲ, ಮುಖದ ಹತ್ತಿರ ಹೋದರೆ ಮೂಗು ಮುಂದೆ ಬರುತ್ತದೆ. ಮೇಲಾಗಿ ಅದು ಫೋನು. ಹೂವಿನವರು ಮೊಳ ಹಾಕಲು ಕೈ ಚಾಚಿದ ಕ್ಷಣಕ್ಕೆ ಸರಿಯಾಗಿ ಶಾಖೆಯಿಂದ ಕರೆ ಬಂತು, ರಜೆಯ ದಿನ.

ಮೂರನೇ ಸರದಿಯ 35ರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನನ್ನ ಸೆನ್ಸರಿನ ಮೇಲೆ ಅದು ಹಳೆಯ ಫಿಲ್ಮ್ ಕ್ಯಾಮೆರಾದ 50 ಮಿ.ಮೀ. ಲೆನ್ಸಿಗೆ ಹತ್ತಿರದ ನೋಟ ಕೊಡುತ್ತದೆ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಹೆನ್ರಿ ಕಾರ್ತಿಯೆ-ಬ್ರೆಸೋನ್ ಲೈಕಾ ಕ್ಯಾಮೆರಾಕ್ಕೆ 50 ಹಾಕಿಕೊಂಡೇ ಜೀವಮಾನದ ಬಹುಪಾಲು ನಡೆದವರು ಎಂದು ಗುಂಪಿನಲ್ಲಿ ಯಾರಾದರೂ ನೆನಪಿಸುತ್ತಲೇ ಇರುತ್ತಾರೆ. ಅದರಿಂದ ನನ್ನ ಫೋಟೋಗಳಿಗೆ ಈವರೆಗೆ ಏನೂ ಲಾಭವಾಗಿಲ್ಲ. ಲಾಭವಾದದ್ದು ಬೇರೆ ಲೆಕ್ಕದಿಂದ. ಈ ಲೆನ್ಸಿನಲ್ಲಿ ಒಂದು ಮೀಟರ್ ಅಗಲದ ನೋಟಕ್ಕೆ ಒಂದೂವರೆ ಮೀಟರ್ ದೂರ ನಿಂತರೆ ಸರಿ. ಒಂದೂವರೆ ಮೀಟರ್ ಎಂದರೆ, ಗಿರಾಕಿ ನಿಂತು “ಹೇಗೆ ಕೊಟ್ಟಿರಿ?” ಎಂದು ಕೇಳುವ ದೂರ. ಅದಕ್ಕಿಂತ ಹಿಂದೆ ನಿಂತರೆ ಕೂಗಬೇಕು, ಮುಂದೆ ಹೋದರೆ ಹೀರೇಕಾಯಿ ತುಳಿಯಬೇಕು.

ಆ ದೂರದಲ್ಲಿ ನಿಂತವನು ಸುಮ್ಮನಿರಲು ಬರುವುದಿಲ್ಲ. ಬೆಲೆ ಕೇಳಲೇಬೇಕು, ಕೇಳಿದ ಮೇಲೆ ಕೊಳ್ಳಲೇಬೇಕು. ಒಂದು ಗುಡ್ಡೆ ಹಾಗಲಕಾಯಿ, ಎರಡು ಕಟ್ಟು ಮೆಂತ್ಯ, ನಾಲ್ಕು ಮೊಳ ಸೇವಂತಿಗೆ. ಮಾತಿನ ನಡುವೆ ಕ್ಯಾಮೆರಾ ಎತ್ತಿದರೆ ಯಾರೂ ಬೆಚ್ಚುವುದಿಲ್ಲ, ಚೌಕಾಶಿ ಕೂಡ ನಿಲ್ಲುವುದಿಲ್ಲ. ಜೂಮಿನ ಪಕ್ಷದವರು ಹೇಳುವ ಸಹಜತೆ ನನಗೆ ಸಿಕ್ಕಿದ್ದು ಇಲ್ಲಿ. ಬೇಡ ಎಂದು ಕೈ ಅಡ್ಡ ಹಿಡಿದವರೂ ಇದ್ದರು, ಇಬ್ಬರು. ಒಂದೂವರೆ ಮೀಟರಿನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ, ಕ್ಯಾಮೆರಾ ಇಳಿಸಿ ಮೆಂತ್ಯ ತೆಗೆದುಕೊಂಡು ಮುಂದೆ ಹೋದೆ. ಅಂದು ಮನೆಯಲ್ಲಿ ಹಾಗಲಕಾಯಿ ಗೊಜ್ಜು, ಮರುದಿನ ಹಾಗಲಕಾಯಿ ಪಲ್ಯ. “ಮುಂದಿನ ಸಲ ಬೆಣ್ಣೆಹಣ್ಣು ಮಾರುವವರ ಫೋಟೋ ತೆಗೆಯಿರಿ” ಎಂದಳು ಮನೆಯವಳು.

ಈರುಳ್ಳಿ ಮಾರುವ ಒಬ್ಬರು ಅಜ್ಜಿ ಇದ್ದಾರೆ. ತಕ್ಕಡಿಯ ಒಂದು ತಟ್ಟೆಗೆ ಸೈಕಲ್ ಚೈನಿನ ತುಂಡು ಕಟ್ಟಿ ಸರಿದೂಗಿಸಿಕೊಂಡಿದ್ದಾರೆ. ಈರುಳ್ಳಿಯ ಒಣ ಸಿಪ್ಪೆ ಅವರ ಸೆರಗಿನ ಮೇಲೆ, ಬಳೆಯ ಸಂದಿನಲ್ಲಿ, ರೆಪ್ಪೆಯ ಕೂದಲಿನಲ್ಲೂ ಇರುತ್ತದೆ. ಎಫ್/1.8ಕ್ಕೆ ತೆರೆದು ಅವರ ಕಣ್ಣಿಗೆ ಫೋಕಸ್ ಮಾಡಿದೆ. ಹಿಂದಿನ ಗದ್ದಲವೆಲ್ಲ ಮಂಜಾಗಿ ಕರಗಿತು, ಹೋಲಿಕೆಯ ಅಷ್ಟೂ ಫೋಟೋಗಳಲ್ಲಿ ಇದೇ ಮೊದಲನೆಯದು ಎಂದು ಅಲ್ಲೇ ತೀರ್ಮಾನಿಸಿದೆ. ಹದಿನೈದು ದಿನ ಬಿಟ್ಟು ಪ್ರಿಂಟ್ ಹಾಕಿಸಿ ಒಯ್ದು ಕೊಟ್ಟೆ. ಮೊಬೈಲಿನ ಸರದಿಯಲ್ಲಿ ತೆಗೆದ ಒಂದು ಸಾದಾ ಫೋಟೋವನ್ನೂ ಜೊತೆಗಿಟ್ಟಿದ್ದೆ.

ಅಜ್ಜಿ ನನ್ನ ಮೊದಲನೆಯದನ್ನು ಬೆಳಕಿಗೆ ಹಿಡಿದು ನೋಡಿದರು. “ತಮ್ಮಾ, ನನ್ನ ಈರುಳ್ಳಿ ಎಲ್ಲಿ?”

ಇದ್ದವು, ಕೆಳಗೆ, ನಸುಗೆಂಪು ಮೋಡದಂತೆ. ಆ ದೂರದಲ್ಲಿ ಎಫ್/1.8ಕ್ಕೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಹದಿಮೂರು ಸೆಂಟಿಮೀಟರ್, ಅರ್ಧ ಗೇಣಿಗಿಂತ ತುಸು ಹೆಚ್ಚು. ಮುಖ ಅದರಲ್ಲಿ ಮುಗಿಯಿತು. ಮೊಬೈಲಿನ ಫೋಟೋದಲ್ಲಿ ಈರುಳ್ಳಿ ರಾಶಿ, ತಕ್ಕಡಿ, ಚೈನಿನ ತುಂಡು, ಪಕ್ಕದಲ್ಲಿ ಕುಳಿತ ಸೊಸೆ, ಎಲ್ಲವೂ ಇತ್ತು. ಅವರು ಅದನ್ನೇ ಸೆರಗಿನಡಿ ಸೇರಿಸಿಕೊಂಡು, ಇನ್ನೊಂದನ್ನು “ನೀನೇ ಇಟ್ಟುಕೊ” ಎಂದು ವಾಪಸು ಕೊಟ್ಟರು. ಅಂದಿನಿಂದ ಪೇಟೆಯಲ್ಲಿ 35ನ್ನು ಎಫ್/8ಕ್ಕೆ ಇಟ್ಟುಕೊಂಡು ನಡೆಯುತ್ತೇನೆ. ಸ್ಪಷ್ಟತೆಯ ಆಳ ಅರವತ್ತು ಸೆಂಟಿಮೀಟರಿಗೆ ಹಿಗ್ಗುತ್ತದೆ, ಮಾರುವವರ ಜೊತೆ ಸರಕೂ ಒಳಗೆ ಬರುತ್ತದೆ. ತಾಡಪಾಲಿನ ಅಡಿಯಲ್ಲಿ ಮಾತ್ರ ಹಿಂದಿನ ಎಫ್/1.8ರ ಲೆಕ್ಕಕ್ಕೇ ಇಳಿಯುತ್ತೇನೆ, ಅಲ್ಲಿ ಬೇರೆ ದಾರಿ ಇಲ್ಲ.

ಮಂಡಕ್ಕಿ ಭಟ್ಟಿಗಳ ಕಡೆ ಹೋದದ್ದು ಈ ಹೋಲಿಕೆಯ ನಿಯಮ ಮುರಿದು, ಎರಡೂ ಲೆನ್ಸ್ ಚೀಲದಲ್ಲಿಟ್ಟುಕೊಂಡು. ಅದಕ್ಕೆ ತಕ್ಕ ಶಾಸ್ತಿಯಾಯಿತು. ಉಪ್ಪುನೀರು ಹಿಡಿಸಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದು ಒಂದೆರಡು ಸುತ್ತು ತಿರುವುತ್ತಾರೆ. ಚಟಪಟ ಸದ್ದು ಏಳುವುದಕ್ಕೂ ಬಾಣಲೆ ಬೆಳ್ಳಗಾಗುವುದಕ್ಕೂ ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಮರುಕ್ಷಣ ಎಲ್ಲವೂ ಜರಡಿಗೆ, ಮರಳು ಕೆಳಗೆ, ಮಂಡಕ್ಕಿ ಮೇಲೆ. ಶಟರನ್ನು ಸೆಕೆಂಡಿನ ಸಾವಿರನೇ ಒಂದು ಭಾಗಕ್ಕೆ ಏರಿಸಿದರೆ ಒಂದೊಂದು ಕಾಳೂ ಗಾಳಿಯಲ್ಲಿ ನಿಂತುಬಿಡುತ್ತದೆ, ಸತ್ತಂತೆ. ಮೂವತ್ತನೇ ಒಂದು ಭಾಗಕ್ಕೆ ಇಳಿಸಿ ಗೋಡೆಗೆ ಒರಗಿ ತೆಗೆದದ್ದೇ ನನಗೆ ಇಷ್ಟವಾಯಿತು: ಕೆಲಸದವರ ಮುಖ ಸ್ಥಿರ, ಜರಡಿ ಬಿಳಿ ನೀರಿನಂತೆ. ಮೊಬೈಲ್ ಇಲ್ಲಿ ಬಿಸಿಗೆ ಕಾದು ನಿಧಾನವಾಯಿತು.

ಆ ಧೂಳಿನಲ್ಲೇ ನಿಂತು ಲೆನ್ಸ್ ಬದಲಿಸಿದೆ, ಬುದ್ಧಿ ಇಲ್ಲದೆ. ಹೊಟ್ಟಿನ ಕಣ ಸೆನ್ಸರಿನ ಮೇಲೆ ಕುಳಿತದ್ದು ಅಂದು ತಿಳಿಯಲಿಲ್ಲ. ಅಗಲ ತೆರೆದ ಲೆನ್ಸಿನಲ್ಲಿ ಧೂಳು ಕಾಣುವುದಿಲ್ಲ. ಮುಂದಿನ ವಾರ ಬಯಲಿನಲ್ಲಿ ಎಫ್/11ಕ್ಕೆ ತೆಗೆದ ಆಕಾಶದ ತುಂಬ ನೊಣಗಳು. ಕ್ಯಾಮೆರಾವನ್ನು ಬಾಯಿ ಕೆಳಗೆ ಮಾಡಿ ಹಿಡಿದು ಗಾಳಿ ಊದುವ ರಬ್ಬರ್ ಬುರುಡೆಯಿಂದ ಹೊಡೆದು ಹೊಡೆದು ಹೆಬ್ಬೆರಳು ನೋಯಿತು. ಒಂದು ನೊಣ ಇನ್ನೂ ಉಳಿದಿದೆ, ಬಲಮೂಲೆಯಲ್ಲಿ.

ಜೂಮಿಗೆ ಅನ್ಯಾಯವಾಗಬಾರದು ಎಂದು ಅದನ್ನು ಒಂದು ದಿನ ಚಿತ್ರದುರ್ಗಕ್ಕೂ ಒಯ್ದೆ. ಬಸ್ಸಿನಲ್ಲಿ ಅರವತ್ತು ಕಿಲೋಮೀಟರ್ ಚಿಲ್ಲರೆ ದಾರಿ. ಅಲ್ಲಿನ ಹಳೆಯ ಬೀದಿಗಳಿಗೆ ನಮ್ಮ ಊರಿಗಿಲ್ಲದ ಒಂದು ಭಾಗ್ಯವಿದೆ: ತಲೆಯೆತ್ತಿದರೆ ಕೋಟೆಯ ಗುಡ್ಡ. 35ರಲ್ಲಿ ಅದು ಅಂಗಡಿಗಳ ಮಾಡಿನ ಹಿಂದೆ ಅಂಗೈಯಗಲದ ಬಂಡೆಯಾಗಿ ಕುಳಿತಿತ್ತು, ಮೊಬೈಲಿನಲ್ಲಿ ಉಗುರಿನಷ್ಟು. ಬೀದಿಯ ಈ ತುದಿಗೆ ಬಂದು ಜೂಮನ್ನು ಉದ್ದಕ್ಕೆ ಎಳೆದು ನೋಡಿದರೆ ಗುಡ್ಡ ಎದ್ದು ಬಂದು ಬಾಳೆಹಣ್ಣಿನ ಗಾಡಿಯ ಹಿಂದೆಯೇ ನಿಂತಿತು, ಬಂಡೆಗಳ ಮೇಲಿನ ಕೋಟೆಗೋಡೆಯ ಕಲ್ಲು ಎಣಿಸುವಷ್ಟು ಹತ್ತಿರ. ಈ ಕೆಲಸ ಉಳಿದ ಎರಡರಿಂದ ಸಾಧ್ಯವೇ ಇಲ್ಲ.

ದಾವಣಗೆರೆಯಲ್ಲಿ ಅಂಥ ಗುಡ್ಡವಿಲ್ಲ. ಹಾಗಾಗಿ ನಾನು ಪೇಟೆಗೆ ಹೋಗುವಾಗ ಕ್ಯಾಮೆರಾಕ್ಕೆ 35, ಹಗ್ಗದ ಅಂಗಡಿಗೆಂದು ಜೇಬಿನಲ್ಲಿ ಮೊಬೈಲ್, ಹೆಗಲಿಗೆ ಒಂದು ಬಟ್ಟೆಯ ಚೀಲ, ಅದರಲ್ಲಿ ಚಿಲ್ಲರೆ. ಜೂಮನ್ನು ತಂಗಿಯ ಮಗ ಕೇಳಿಕೊಂಡು ಹೋಗಿದ್ದಾನೆ, ಕೊಂಡಜ್ಜಿ ಕೆರೆಯ ಹಕ್ಕಿಗಳಿಗೆ. ಅಜ್ಜಿ ವಾಪಸು ಕೊಟ್ಟ ಫೋಟೋ ನನ್ನ ಮೇಜಿನ ಗಾಜಿನಡಿ ಇದೆ. ಕಳೆದ ಶನಿವಾರ ಎಫ್/8ರದ್ದು ಒಯ್ದು ತೋರಿಸಿದೆ. ಈರುಳ್ಳಿಯನ್ನು ಬೆರಳಿಟ್ಟು ನೋಡಿದರು. “ಇವು ಹೋದ ತಿಂಗಳ ಸರಕು, ಸಣ್ಣವು. ಈಗ ದಪ್ಪ ಬಂದಿವೆ, ಇನ್ನೊಂದು ತೆಗೆ” ಎಂದರು.