ಹಿತ್ತಲ ಕೋಳಿಗೆ ಯಾವ ಹುಳ: ಮೀಲ್‌ವರ್ಮೋ, ಕಪ್ಪು ಸೈನಿಕ ನೊಣದ ಮರಿಯೋ?

ಕೋಳಿಗೆ ಹಾಕುವ ಹುಳವನ್ನು ಮನೆಯೊಳಗೇ ಸಾಕುವುದಾದರೆ ಮೀಲ್‌ವರ್ಮ್ (ಒಂದು ಜಾತಿಯ ದುಂಬಿಯ ಮರಿಹುಳ) ಸರಿ. ನುಣುಪಾದ ಪ್ಲಾಸ್ಟಿಕ್ ಟ್ರೇ, 2 ಇಂಚು ಗೋಧಿ ಬೂಸಾ, ಮೇಲೆ ಒಂದೆರಡು ಚೂರು ಕ್ಯಾರೆಟ್. ನೀರಿನ ತಟ್ಟೆ ಬೇಡ, ತರಕಾರಿಯ ತೇವವೇ ಸಾಕು. ವಾಸನೆ ಇಲ್ಲವೇ ಇಲ್ಲ ಎನ್ನಬಹುದು. ಆದರೆ ನಿಧಾನ. 25ರಿಂದ 28 ಡಿಗ್ರಿ ಬಿಸಿಯಲ್ಲೂ ಮೊಟ್ಟೆಯಿಂದ ದುಂಬಿಯಾಗಲು 3 ತಿಂಗಳ ಮೇಲಾಗುತ್ತದೆ. ಹೊಟ್ಟೆಬಾಕ ಕೋಳಿಗಳು ಅಲ್ಲಿವರೆಗೆ ಕಾಯಬೇಕಲ್ವಾ! ಜೊತೆಗೆ ಮೊದಲ ಹುಳಗಳನ್ನೂ ಬೂಸಾವನ್ನೂ ಕೊಂಡೇ ತರಬೇಕು.

ಕಪ್ಪು ಸೈನಿಕ ನೊಣಕ್ಕೆ (ಬ್ಲ್ಯಾಕ್ ಸೋಲ್ಜರ್ ಫ್ಲೈ) ಈ ಖರ್ಚಿಲ್ಲ. ನಮ್ಮ ಕಡೆಯ ಬೆಚ್ಚನೆ ಹವೆಯಲ್ಲಿ ಒದ್ದೆ ಕಸದ ಡಬ್ಬಿ ಇಟ್ಟರೆ ಎಷ್ಟೋ ಸಲ ತಾನೇ ಬಂದು ಮೊಟ್ಟೆಯಿಡುತ್ತದೆ. ಮರಿಗಳು ಹಣ್ಣಿನ ಸಿಪ್ಪೆ, ಮಿಕ್ಕ ಅನ್ನ ತಿಂದು 2-3 ವಾರದಲ್ಲಿ ದಪ್ಪಗಾಗುತ್ತವೆ. ಬೆಳೆದ ಮರಿ ಒಣ ಜಾಗ ಹುಡುಕುತ್ತಾ ಮೇಲೆ ಹತ್ತುತ್ತದೆ. ಡಬ್ಬಿಗೆ ಓರೆ ಹಲಗೆ ಇಟ್ಟರೆ ಅವೇ ಹತ್ತಿ ಹೊರಗಿನ ಬಕೆಟ್‌ಗೆ ಬೀಳುತ್ತವೆ, ಆರಿಸುವ ಕೆಲಸವೇ ಇಲ್ಲ. ಮರಿ ಬೆಳೆದು ನೊಣವಾದರೂ ಕಚ್ಚುವುದಿಲ್ಲ. ವಾಸನೆ ಮಾತ್ರ ಇದ್ದೇ ಇರುತ್ತದೆ, ಪಕ್ಕದ ಮನೆಯವರನ್ನು ಒಮ್ಮೆ ಯೋಚಿಸಿ.

ಪ್ರೋಟೀನ್ ಎರಡರಲ್ಲೂ ಚೆನ್ನಾಗಿದೆ. ಕ್ಯಾಲ್ಸಿಯಂ ಸೈನಿಕ ನೊಣದ ಮರಿಯಲ್ಲಿ ತುಂಬಾ ಜಾಸ್ತಿ, ಮೀಲ್‌ವರ್ಮ್‌ನಲ್ಲಿ ಕಡಿಮೆ. ಮೊಟ್ಟೆಯಿಡುವ ಕೋಳಿಗೆ ಇದು ದೊಡ್ಡ ವ್ಯತ್ಯಾಸ. ಹಾಗಾಗಿ ಹಿತ್ತಲಿದ್ದವರಿಗೆ ನನ್ನ ಓಟು ನೊಣಕ್ಕೇ. ಯಾವುದೇ ಆದರೂ ದಿನದ ಮೇವಿನ ಬದಲಿಗೆ ಅಲ್ಲ, ಮೇಲೊಂದು ಹಿಡಿ ಅಷ್ಟೇ. ಇರುವೆ ಎರಡಕ್ಕೂ ಶತ್ರು, ಟ್ರೇ ಅಥವಾ ಡಬ್ಬಿ ಇಟ್ಟ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ.